ಯಾವ ಭಾಷೆಯ ಅವಕಾಶ

ಆ ಶನಿವಾರ ಬೆಳಿಗ್ಗೆ ಅಮ್ಮನ ದೋಸೆಯ ವಾಸನೆ ಪಕ್ಕದ ಮನೆಯಿಂದ ಬಂತು. ಶ್ರೀಕಂಠ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿಕೊಂಡು, ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದವನು ರೇಜರನ್ನು ಗದ್ದದ ಮೇಲೆಯೇ ನಿಲ್ಲಿಸಿದ. ದೋಸೆಯನ್ನು ಯಾರು ಬೇಕಾದರೂ ಹೊಯ್ಯಬಹುದು, ಎರ್ನಾಕುಲದಲ್ಲಿ ದೋಸೆಗೇನು ಬರವೆ? ಆದರೆ ಆ ಹಳೇ ಕಬ್ಬಿಣದ ಕಾವಲಿಯ ಮೇಲೆ ಮೆಂತ್ಯದ ಹಿಟ್ಟು ಅಂಚಿನಲ್ಲಿ ಸೀಯುವಾಗ ಏಳುವ ವಾಸನೆಯನ್ನು ಅವನ ಮೂಗು ಹುಣಸೂರಿನಿಂದಲೇ ಹೊತ್ತು ತಂದಿತ್ತು. ಗಾಳಿ ತಿರುಗಿ ಏಲೂರಿನ ಗೊಬ್ಬರದ ಕಾರ್ಖಾನೆಗಳ ಅಮೋನಿಯಾ ಘಾಟು ಬಂದ ದಿನವೂ ಅದು ತಪ್ಪದೆ ಗುರುತು ಸಿಗುತ್ತಿತ್ತು. ಅಮ್ಮನೇ ಪಕ್ಕದ ಟೀಚರ ಮನೆಗೆ ಹೋಗಿದ್ದಾಳೋ ಎಂದು ಒಳಗೆ ಇಣುಕಿದರೆ, ಅನಸೂಯಮ್ಮ ನಡುಮನೆಯಲ್ಲಿ ಕಂದು ಅಂಚಿನ ಒಳ್ಳೆಯ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಹೊರಡುವ ಹೊತ್ತಿಗೆ ಎಷ್ಟೋ ಮೊದಲೇ ತಯಾರಾಗಿ ಕೂತಿದ್ದಳು. ಅಡುಗೆಮನೆಯಲ್ಲಿ ಇಂದುಮತಿ ಉಪ್ಪಿಟ್ಟು ಕೆದಕುತ್ತಿದ್ದಳು. "ಕಾವಲಿ ಎಲ್ಲೇ?" ಎಂದು ಹೆಂಡತಿಯನ್ನು ಕೇಳಿದ.

"ನಿಮಗೆ ಗೊತ್ತಿಲ್ವಾ? ಮೊನ್ನೇನೇ ಟೀಚರ್‌ಗೆ ಕೊಟ್ಬಿಟ್ರು. ಎಣ್ಣೆ ಹಚ್ಚಿ, ಕಾಗದ ಸುತ್ತಿ, ಹೆಣ್ಣು ಒಪ್ಪಿಸಿಕೊಟ್ಟ ಹಾಗೆ."

ಇಂದುಮತಿಯ ದನಿಯಲ್ಲಿ ಇದ್ದದ್ದು ಬಿಡುಗಡೆಯೋ, ತನಗೆ ಕೊಡಲಿಲ್ಲವೆಂಬ ಮುನಿಸೋ ಅವನಿಗೆ ತಿಳಿಯಲಿಲ್ಲ. ಅಪ್ಪ ತೀರಿಕೊಂಡ ವರ್ಷ ಅಮ್ಮನನ್ನು ಕರೆತಂದಾಗ ಅವಳು ಆ ಕಾವಲಿಯನ್ನು ಟ್ರಂಕಿಗೆ ಹಾಕಲು ಬಿಡದೆ ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳು. ಸೊಸೆ ಅದನ್ನು ಒಮ್ಮೆ ಸೋಪು ಹಾಕಿ ತಿಕ್ಕಿದಳೆಂದು ಎರಡು ಹೊತ್ತು ಊಟ ಬಿಟ್ಟಿದ್ದಳು. ಅಂಥದ್ದನ್ನು ಕೊಟ್ಟುಬಿಟ್ಟಳು. ಶ್ರೀಕಂಠ ಉಳಿದರ್ಧ ಮುಖವನ್ನು ಹೇಗೆ ಕೆರೆದುಕೊಂಡನೋ, ಕಿವಿಯ ಕೆಳಗೆ ರಕ್ತ ಬಂತು.

ಎರ್ನಾಕುಲದ ಜೆಟ್ಟಿಯಿಂದ ವಿಲ್ಲಿಂಗ್ಡನ್ ದ್ವೀಪಕ್ಕೆ ಹೊರಟ ಬೋಟಿನಲ್ಲಿ ತಾಯಿ ಮಗ ಎದುರುಬದುರು ಕೂತರು. ಆಫ್ರಿಕಾಕ್ಕೆ ಹೋಗುವವರು ಹಳದಿ ಜ್ವರದ ಸೂಜಿ ಹಾಕಿಸಿಕೊಳ್ಳಲೇಬೇಕು, ಅದನ್ನು ಹಾಕುವುದು ಬಂದರಿನ ಆರೋಗ್ಯ ಕಚೇರಿಯಲ್ಲಿ. ಈ ಒಂದು ಕೆಲಸ ಮುಗಿದರೆ ಬಾಕಿ ಎಲ್ಲ ಆದಂತೆಯೇ. ಶ್ರೀಕಂಠ ಕೇಂದ್ರ ಸರ್ಕಾರದ ಆಡಿಟ್ ಕಚೇರಿಯವನು, ಆದಂತೆಯೇ ಎಂಬ ಮಾತನ್ನು ಕೇಳಿದರೆ ಉರಿದುಬೀಳುವವನು. ಆದರೂ ಅಮ್ಮನ ಪ್ರಯಾಣದ ಲೆಕ್ಕವನ್ನು ಮನಸ್ಸಿನಲ್ಲಿ ಎಷ್ಟು ಸಲ ಹಾಕಿ ನೋಡಿದರೂ ಅದು ಆ ಮಾತಿಗೇ ಬಂದು ನಿಲ್ಲುತ್ತಿತ್ತು. ತಮ್ಮ ಶ್ಯಾಮ ಜಾಂಬಿಯಾದ ಕಿಟ್ವೆಯಲ್ಲಿ ತಾಮ್ರದ ಗಣಿಯ ಇಂಜಿನಿಯರು. ತಂದೆಯನ್ನೋ ತಾಯಿಯನ್ನೋ ಒಂದು ಸಲ ಕರೆಸಿಕೊಳ್ಳಲು ಕಂಪನಿಯೇ ಟಿಕೆಟ್ಟು ಕೊಡುತ್ತದೆ, ಅವನ ಕರಾರು ಮುಗಿಯುವುದರೊಳಗೆ ಹೋಗಬೇಕು. ತಂಗಿ ಶಾಂತಾ ಇಂಗ್ಲೆಂಡಿನ ಲೀಡ್ಸಿನಲ್ಲಿ, ಗಂಡ ಡಾಕ್ಟರು, ಬಸುರಿ. ಅಮ್ಮ ಮೊದಲು ಕಿಟ್ವೆಯಲ್ಲಿ ಆರು ತಿಂಗಳು, ಅಲ್ಲಿಂದ ನೇರ ಲೀಡ್ಸಿಗೆ ಹೋಗಿ ಬಾಣಂತನ, ಅಲ್ಲಿ ಆರು ತಿಂಗಳು. ಚಳಿ ಯಾವಾಗ, ಮಳೆ ಯಾವಾಗ, ಎಲ್ಲವನ್ನೂ ಮೂವರು ಮಕ್ಕಳು ಕೂಡಿ ಗುಣಿಸಿ ಆಗಿತ್ತು. ಅದಾದ ಮೇಲೆ? ಆಮೇಲೆ ನೋಡೋಣ. ಬೇರೆ ಯಾವ ಇಲಾಖೆಯವನಾದರೂ ಆಮೇಲೆ ನೋಡೋಣ ಎಂದು ಬರೆದು ಕಳಿಸಿದ್ದರೆ ಶ್ರೀಕಂಠ ಕೆಂಪು ಶಾಯಿಯಲ್ಲಿ ಅವನ ಜನ್ಮ ಜಾಲಾಡುತ್ತಿದ್ದ.

ಎದುರಿಗೆ ಅಮ್ಮ ನೀರನ್ನೇ ನೋಡುತ್ತಿದ್ದಳು. ಕೆಂಪು ಬಣ್ಣ ಬಳಿದ ದೊಡ್ಡದೊಂದು ಹಡಗು ಪಕ್ಕದಲ್ಲಿ ಹಾದುಹೋಯಿತು, ಬೋಟು ಹೊಯ್ದಾಡಿತು, ಅವಳು ಹೆದರಲಿಲ್ಲ. ಇಷ್ಟು ಸುಲಭವಾಗಿ ಒಪ್ಪಿಕೊಂಡಳಲ್ಲ ಎಂಬುದೇ ಅವನನ್ನು ಕೊರೆಯುತ್ತಿತ್ತು. ಹೇಳಬೇಕಾದ ದಿನ ಅವನು ಹಠ, ಅಳು, 'ನಾನು ಇಲ್ಲೇ ಸಾಯ್ತೀನಿ' ಎಲ್ಲಕ್ಕೂ ಉತ್ತರ ಕಟ್ಟಿಕೊಂಡು ಹೋಗಿದ್ದ. ಅವಳು ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಳು. ಅವನು ಎಲ್ಲ ವಿವರಿಸಿ ಕೊನೆಗೆ, "ಈಗ ಅವಸರ ಇದೆ ಅಮ್ಮ, ಹೊರಟುಬಿಡು" ಎಂದಿದ್ದ. ಅವಳ ಕೈಯಲ್ಲಿದ್ದ ಕಾಯಿ ಒಂದು ಗಳಿಗೆ ನಿಂತಿತು. ಆಮೇಲೆ "ಸರಿ ಕಣಪ್ಪ" ಅಂದಳು. ಅಷ್ಟೇ. ಕಟ್ಟಿಕೊಂಡು ಹೋದ ಉತ್ತರಗಳೆಲ್ಲ ಬಾಯಲ್ಲೇ ಉಳಿದವು. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು. ಹಾಗೆ ನಿದ್ದೆ ಬಂದದ್ದಕ್ಕೆ ಮಾರನೆಯ ದಿನದಿಂದ ಸಂಕಟ ಶುರುವಾಯಿತು.

ಆ ಸಂಕಟಕ್ಕೆ ಇನ್ನೊಂದು ಬೇರು ತಿರುವನಂತಪುರದಲ್ಲಿತ್ತು. ಅಲ್ಲಿನ ದೊಡ್ಡ ಕಚೇರಿಗೆ ವರ್ಗವಾಗಿದೆಯೆಂದು ಅವನು ಅಮ್ಮನಿಗೆ ಹೇಳಿರಲಿಲ್ಲ. ಹೋಗುವವಳಿಗೆ ಅದೆಲ್ಲ ಯಾಕೆ ಎಂದು ತನಗೇ ಸಮಾಧಾನ ಹೇಳಿಕೊಂಡಿದ್ದ. ಹಿಂದಿನ ವಾರ ಒಬ್ಬನೇ ಹೋಗಿ ಚಾಲೈ ಬೀದಿಯಲ್ಲಿ ಒಂದು ಮನೆ ನೋಡಿ ಬಂದ. ಕೆಳಗೆ ಒಣಮೆಣಸಿನಕಾಯಿ, ಇಂಗು, ಒಣಶುಂಠಿಯ ಸಗಟು ಅಂಗಡಿ, ಮೇಲೆ ಎರಡು ಕೋಣೆ, ಒಂದು ಅಡುಗೆಮನೆ. ಮನೆಯೊಡತಿ ಭಾರ್ಗವಿಯಮ್ಮ ಬೀಗದ ಕೈ ಗೊಂಚಲು ಆಡಿಸುತ್ತ, "ಎತ್ರ ಪೇರುಂಡ್?" ಎಂದು ಕೇಳಿದಳು, ಎಷ್ಟು ಜನ ಇದ್ದೀರಿ ಎಂದು. "ಮೂನ್ನ್," ಅಂದ ಶ್ರೀಕಂಠ. ಮೂರು. ತಾನು, ಇಂದುಮತಿ, ಮಗಳು ವಸಂತಿ. ಯೋಚಿಸಿ ಹೇಳಿದ್ದಲ್ಲ. ಯೋಚಿಸದೆ ಬಾಯಿಗೆ ಬಂತು, ಅದೇ ತಾನೇ ಕೆಟ್ಟದ್ದು. ವಾಪಸು ಬರುವ ರೈಲಿನಲ್ಲಿ ಎದುರಿಗೆ ಕೂತ ಮುದುಕಿಯೊಬ್ಬಳು ಬಾಳೆಹಣ್ಣು ಕೊಟ್ಟರೆ ಅವನು ಬೇಡವೆನ್ನಲೂ ಆಗದೆ ತಿನ್ನಲೂ ಆಗದೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

ಆರೋಗ್ಯ ಕಚೇರಿಯಲ್ಲಿ ಉದ್ದನೆಯ ಬೆಂಚು. ಔಷಧಿಯ ಸೀಸೆಯನ್ನು ಒಮ್ಮೆ ತೆರೆದರೆ ಆಗಲೇ ಖರ್ಚು ಮಾಡಬೇಕು, ಉಳಿದರೆ ಕೆಡುತ್ತದೆ, ಆದ್ದರಿಂದ ಸೀಸೆಗೆ ಸಾಕಾಗುವಷ್ಟು ಜನ ಸೇರುವತನಕ ಕಾಯಿರಿ ಎಂದು ಅಟೆಂಡರು ಹೇಳಿದ. ಯಾವುದೋ ದೇಶದ ಹಡಗಿನ ಮೂರು ನಾಲ್ಕು ಜನ ಖಲಾಸಿಗಳು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಕ್ರೈಸ್ತ ಸನ್ಯಾಸಿನಿಯೊಬ್ಬಳು ಜಪಮಣಿ ಎಣಿಸುತ್ತಿದ್ದಳು. ಅನಸೂಯಮ್ಮ ಒಬ್ಬೊಬ್ಬರನ್ನೂ ಮದುವೆಮನೆಗೆ ಬಂದವರನ್ನು ನೋಡುವ ಹಾಗೆ ನೋಡುತ್ತ ಕೂತಳು. ಶ್ರೀಕಂಠ ತಡೆಯಲಾರದೆ ಕೇಳಿದ.

"ಕಾವಲಿ ಯಾಕಮ್ಮ ಕೊಟ್ಟೆ?"

"ಕಬ್ಬಿಣ ಅಲ್ವೇನೋ. ದಿನಾ ಕೈ ಬೀಳದಿದ್ರೆ ತುಕ್ಕು ಹಿಡಿಯತ್ತೆ. ನಿನ್ನ ಹೆಂಡತಿಗೆ ಅಲ್ಯೂಮಿನಿಯಮ್ಮೇ ಚಂದ. ಟೀಚರ್ ಪಾಪ ಆಸೆಪಟ್ಟಳು."

"ನೀನು ವಾಪಸು ಬಂದಮೇಲೆ?"

ಅವಳು ತಿರುಗಿ ಅವನ ಮುಖ ನೋಡಿದಳು. ಕಿವಿಯ ಕೆಳಗಿನ ಗಾಯವನ್ನೂ ನೋಡಿದಳು. "ವಾಪಸ್ಸಿನ ಮಾತು ನೀನು ಆಡಲೇ ಇಲ್ವಲ್ಲಪ್ಪ. ಅವಸರ ಇದೆ, ಹೊರಟುಬಿಡು ಅಂದೆ. ಅಷ್ಟು ಅವಸರದಲ್ಲಿರೋ ಮಗನ್ನ ವಾಪಸು ಯಾವಾಗ ಅಂತ ಕೇಳೋದು ಹ್ಯಾಗೆ?"

ಶ್ರೀಕಂಠನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮಲಯಾಳದಲ್ಲಿ ಅವಸರವೆಂದರೆ ಒದಗಿಬಂದ ಸಂದರ್ಭ, ಸಿಕ್ಕ ಒಳ್ಳೆಯ ಗಳಿಗೆ. ಕಚೇರಿಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು. ಅದೇ ನಾಲಿಗೆಯಲ್ಲಿ ಮನೆಗೆ ಬಂದು, ಅಮ್ಮನ ಮುಂದೆ ಕೂತು, ಇಂಥ ಅವಕಾಶ ಬಿಡಬೇಡ ಎಂದು ಹೇಳಲು ಹೋಗಿ ಅದನ್ನೇ ಹೇಳಿದ್ದ. ಅದೂ ಯಾರು? ಎರ್ನಾಕುಲದ ಕನ್ನಡ ಸಂಘದ ಕಾರ್ಯದರ್ಶಿ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ನಿಂತು, ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಕೆಡುತ್ತಿದೆ ಎಂದು ಎದೆ ಬಡಿದುಕೊಂಡವನು. ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆಂದು ವಸಂತಿಯನ್ನು ಊಟದ ಎಲೆಯ ಮುಂದೆ ಅಳಿಸಿದವನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

"ಅಯ್ಯೋ ಅಮ್ಮ, ನಾನು ಹೇಳಿದ್ದು ಅದಲ್ಲ," ಎಂದ. "ಇಲ್ಲಿಯವರ ಮಾತಲ್ಲಿ ಅವಸರ ಅಂದ್ರೆ ಅವಕಾಶ. ಚಾನ್ಸು. ಒಳ್ಳೇ ಚಾನ್ಸು ಬಂದಿದೆ, ಹೋಗು ಅಂದದ್ದು. ಬಾಯಿತಪ್ಪಿ ಅವರ ಮಾತು ಬಂತು."

ಅನಸೂಯಮ್ಮ ಸ್ವಲ್ಪ ಹೊತ್ತು ಆ ಮಾತನ್ನು ಬಾಯಲ್ಲಿ ತಿರುಗಿಸಿದಳು. "ಅವಕಾಶಕ್ಕೆ ಅವಸರ ಅಂತಾರಾ? ಹಾಗಾದ್ರೆ ಅವಕಾಶ ಅಂದ್ರೆ ಇವರಲ್ಲಿ ಏನು?"

"ಹಕ್ಕು."

ಅವಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಕೊನೆಗೆ ಇಡೀ ಬೆಂಚೇ ಅಲುಗಿತು. ತೂಕಡಿಸುತ್ತಿದ್ದ ಖಲಾಸಿ ಎಚ್ಚೆತ್ತು ನೋಡಿದ. "ಎಲ್ಲಾನೂ ಒಂದೊಂದು ಮನೆ ಆಚೆಗೆ ಸರಿಸಿ ಇಟ್ಟಿದ್ದಾರಲ್ಲೋ! ಇಷ್ಟು ದಿನ ಒಳಗೊಳಗೇ ನಾನು ಬೆಂದದ್ದೆಲ್ಲ ದಂಡ. ರಾತ್ರಿ ಎದ್ದು ಕೂತು, ಇವನಿಗೆ ನಾನೇನು ಅಂಥಾ ಭಾರ ಆದೆ ಅಂತ..." ಸೆರಗಿನಿಂದ ಕಣ್ಣೊರಸಿಕೊಂಡಳು. ಶ್ರೀಕಂಠನೂ ನಕ್ಕ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಲ್ಲಿಗೆ ಮುಗಿಯಿತು, ಎಲ್ಲ ಒಂದು ಮಾತಿನ ತಪ್ಪು, ಮನೆಗೆ ಹೋಗಿ ಇಂದುಮತಿಗೂ ಹೇಳಿ ನಗಬಹುದು, ಮುಂದಿನ ಸಂಘದ ಸಭೆಯಲ್ಲಿ ಹೇಳಿ ನಗಿಸಲೂಬಹುದು. ಅಷ್ಟರಲ್ಲಿ ಅವಳು, ನಗುವಿನ ಕೊನೆ ಇನ್ನೂ ಮುಖದ ಮೇಲಿರುವಾಗಲೇ, ಕೇಳಿದಳು.

"ತಿರುವನಂತಪುರದ ಮನೇಲಿ ನನಗೆ ಅವಕಾಶ ಇದೆಯೇನೋ?"

ಅವನ ನಗು ನಿಂತಿತು.

"ವಸಂತಿ ಹೇಳಿದಳು. ಮಲಯಾಳದಲ್ಲೇ ಹೇಳಿದಳು, ನನಗೆ ಅರ್ಥ ಆಯ್ತು. ಯಾವ ಭಾಷೆಯ ಅವಕಾಶಾನಾದ್ರೂ ಸರಿ. ಇದೆಯಾ ಇಲ್ವಾ, ಅಷ್ಟು ಹೇಳು."

ಕಿಟಕಿಯಾಚೆ ಕ್ರೇನು ಮೂಟೆಗಳ ಗೊಂಚಲೊಂದನ್ನು ಎತ್ತಿ ನಡುಗಾಳಿಯಲ್ಲಿ ನಿಲ್ಲಿಸಿತ್ತು. ಶ್ರೀಕಂಠ ಅದನ್ನು ನೋಡುತ್ತ ಸುಳ್ಳುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ದೊಡ್ಡ ಮನೆ ನೋಡ್ತಿದ್ದೀನಿ ಅನ್ನಬಹುದು. ಸದ್ಯಕ್ಕೆ ಮಾತ್ರ ಅದು ಅನ್ನಬಹುದು. ಎರಡನ್ನೂ ಅವಳು ಒಪ್ಪುತ್ತಾಳೆ, "ಸರಿ ಕಣಪ್ಪ" ಅನ್ನುತ್ತಾಳೆ. ಆ ಸರಿಯನ್ನು ಇನ್ನೊಂದು ಸಲ ಕೇಳುವ ಧೈರ್ಯ ಅವನಿಗಿರಲಿಲ್ಲ. 

"ಇಲ್ಲಮ್ಮ," ಎಂದ. "ಎರಡೇ ಕೋಣೆ. ಮನೆಯೊಡತಿ ಎಷ್ಟು ಜನ ಅಂದ್ಲು. ಮೂರು ಅಂದುಬಿಟ್ಟೆ." ಅವಳ ಕಡೆಗೆ ತಿರುಗಿದ. "ಬಾಯಿತಪ್ಪಿ ಬಂದ ಮಾತು ಅಂದೆನಲ್ಲ, ಅದು ಅರ್ಧ ನಿಜ. ಅವಸರಾನೂ ಇತ್ತು. ಕನ್ನಡದ್ದೇ."

 ಅಷ್ಟರಲ್ಲಿ ಬೋಟಿನಿಂದ ಇಳಿದ ಇನ್ನಷ್ಟು ಜನ ಬಂದು ಸೇರಿದರು, ಸೀಸೆ ತೆರೆದರು, ಅಟೆಂಡರು ವಯಸ್ಸಾದವರು ಮೊದಲು ಎಂದು ಕರೆದ. ಅನಸೂಯಮ್ಮ ಎದ್ದು ಹೋದಳು. ಪರದೆಯ ಸಂದಿಯಲ್ಲಿ ಶ್ರೀಕಂಠನಿಗೆ ಕಂಡಿದ್ದು ಅವಳ ತೋಳು ಮಾತ್ರ: ರವಿಕೆಯ ತೋಳನ್ನು ಮೇಲೆ ಸರಿಸಿದ್ದರು, ಚರ್ಮ ಸಡಿಲವಾಗಿತ್ತು, ಅಷ್ಟು ಬೆಳ್ಳಗಿನ ಭಾಗವನ್ನು ಅವನು ಎಂದೂ ನೋಡಿರಲಿಲ್ಲ. ಈ ತೋಳನ್ನು ದೂರದ ದೇಶಗಳಿಗೆ ರವಾನಿಸಲು ತಾನು ಲೆಕ್ಕ ಹಾಕುತ್ತಿದ್ದೆನಲ್ಲ ಎನ್ನಿಸಿ ನಾಚಿಕೆಯಾಯಿತು. ಹೋಗಬೇಡ ಅಂದುಬಿಡಲೇ? ಎಲ್ಲ ರದ್ದು, ವರ್ಗಾವಣೆಯೂ ರದ್ದು, ಇಲ್ಲೇ ಇರೋಣ ಅಂದುಬಿಡಲೇ? ಆ ಔದಾರ್ಯದಲ್ಲೂ ಸ್ವಲ್ಪ ಸೋಗಿದೆಯೆಂದು ಅವನಿಗೇ ಗೊತ್ತಿತ್ತು. ಆದರೂ ಅವಳು ಹತ್ತಿ ಒತ್ತಿಕೊಂಡು ಬಂದು ಕೂತಾಗ ಹೇಳಿಯೇ ಬಿಟ್ಟ.

"ಬೇಡಮ್ಮ. ನೀನು ಎಲ್ಲೂ ಹೋಗೋದು ಬೇಡ."

"ಸುಮ್ನಿರೋ," ಎಂದಳು ಅನಸೂಯಮ್ಮ. "ಈಗ ತಾನೇ ಸೂಜಿ ಚುಚ್ಚಿಸಿಕೊಂಡಿದ್ದೀನಿ, ದಂಡ ಮಾಡಬೇಕಾ?" ಹತ್ತಿಯನ್ನು ಎತ್ತಿ ನೋಡಿ ಮತ್ತೆ ಒತ್ತಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಮೂರು ಅಂದೆಯಲ್ಲ, ನನಗೆ ನೋವಾಯ್ತು. ಆಗಲಿಲ್ಲ ಅಂತ ಹೇಳಲ್ಲ. ಆದ್ರೆ ಇನ್ನೊಂದಿದೆ ಕೇಳು. ಹುಣಸೂರಿಂದ ನನ್ನ ಕರ್ಕೊಂಡು ಬಂದಾಗ್ಲೂ ನೀವ್ಯಾರೂ ನನ್ನ ಕೇಳಲಿಲ್ಲ, ಈಗ ಕಳಿಸೋವಾಗ್ಲೂ ಕೇಳಲಿಲ್ಲ. ನನಗೆ ಹೋಗೋಕೆ ಆಸೆ ಇರಬಹುದು ಅಂತ ಒಬ್ರಿಗಾದ್ರೂ ಹೊಳೀತೇನೋ?"

ಹೊಳೆದಿರಲಿಲ್ಲ. ಅಮ್ಮನ ಅಳು, ಹಠ, ಶಾಪ ಎಲ್ಲಕ್ಕೂ ಅವನ ಲೆಕ್ಕದಲ್ಲಿ ಜಾಗವಿತ್ತು, ಆಸೆಗೆ ಇರಲಿಲ್ಲ.

"ಶ್ಯಾಮ ಭೂಮಿಯೊಳಗೆ ಲಿಫ್ಟಲ್ಲಿ ಇಳೀತಾನಂತಲ್ಲ, ಅದನ್ನ ನೋಡಬೇಕು. ಆ ಗುಂಡಿಯ ಬಾಯಿ ಹತ್ರ ನಿಂತುಕೊಂಡು, ಸಾಯಂಕಾಲ ಇವನು ಹ್ಯಾಗೆ ಮೇಲೆ ಬರ್ತಾನೆ ಅಂತ ನೋಡಬೇಕು. ಲೀಡ್ಸಲ್ಲಿ ಹಿಮ ಬೀಳತ್ತಂತೆ, ಅದು ಕೈಗೆ ಅಂಟತ್ತಾ ಇಲ್ವಾ ಅಂತ ಶಾಂತಾನ್ನ ಕೇಳಿದ್ರೆ ನಗ್ತಾಳೆ. ನಾನೇ ಹೋಗಿ ಮುಟ್ತೀನಿ. ಇಷ್ಟೆಲ್ಲ ಆಸೆ ಇತ್ತು ಕಣೋ ನನಗೆ. ನೀನು ಅವಸರ ಅಂದಮೇಲೆ, ಓಡಿಸ್ತಾ ಇರೋರ ಮುಂದೆ ಕುಣೀತಾ ಹೋಗೋದು ಹ್ಯಾಗೆ ಅಂತ ನಾಚಿಕೆಯಾಯ್ತು."

ಅವಳು ಇಷ್ಟು ಉದ್ದ ಮಾತಾಡಿದ್ದು ಅವನಿಗೆ ನೆನಪಿರಲಿಲ್ಲ. ಅಪ್ಪನಿದ್ದಾಗ ಅಪ್ಪನೇ ಮಾತಾಡುತ್ತಿದ್ದರು. ಆಮೇಲೆ ತಾನು ಮಾತಾಡಿದ. ಪಕ್ಕದ ಸನ್ಯಾಸಿನಿ ಭಾಷೆ ತಿಳಿಯದಿದ್ದರೂ ಅನಸೂಯಮ್ಮನ ಮುಖ ನೋಡಿ ಮುಗುಳ್ನಕ್ಕಳು.

"ಆರು ತಿಂಗಳು ಆರು ತಿಂಗಳು ಅಂತ ನೀವು ಮೂರು ಜನ ನನ್ನ ಪಾಲು ಮಾಡ್ಕೊಂಡಿದ್ದೀರಲ್ಲ, ಅದು ನನಗೆ ಬೇಡ," ಎಂದು ಅವಳು ಮುಂದುವರಿಸಿದಳು. "ಶಾಂತಾ ಹತ್ರ ಮಗು ಕೂರೋವರೆಗೆ ಇರ್ತೀನಿ. ಶ್ಯಾಮನ ಹತ್ರ ನನಗೆ ಬೇಜಾರಾಗೋವರೆಗೆ. ಬೇಗ ಆದ್ರೆ ಬೇಗ, ತಡವಾದ್ರೆ ತಡ. ಆಮೇಲೆ ಬರ್ತೀನಿ. ಟೀಚರ್‌ಗೆ ಕೊಟ್ಟದ್ದು ಕೊಟ್ಟಾಯ್ತು, ಬಂದು ಹೊಸಾ ಕಾವಲಿ ಪಳಗಿಸ್ತೀನಿ. ಆದ್ರೆ ಹೊರಡೋ ಮುಂಚೆ ಆ ಮನೆ ನನಗೆ ತೋರಿಸು. ನೋಡದಿರೋ ಮನೆಗೆ ಯಾರಾದ್ರೂ ವಾಪಸು ಬರೋಕಾಗತ್ತಾ?"

ಮರುವಾರ ಅವಳ ತೋಳಿನ ಊತ ಇಳಿದ ಮೇಲೆ ನಾಲ್ಕೂ ಜನ ತಿರುವನಂತಪುರಕ್ಕೆ ಹೋದರು.  ಬೆಂಚಿನ ಮೇಲೆ ನಡೆದದ್ದನ್ನು ಶ್ರೀಕಂಠ ಇಂದುಮತಿಗೆ ಮೊದಲೇ ಹೇಳಿದ್ದ. ಅವಳು, "ಮೂರು ಅಂತ ನೀವು ಹೇಳಿದ್ದು ನನಗೋಸ್ಕರ ಅಂತ ಅತ್ತೆ ತಿಳ್ಕೊಂಡಿರ್ತಾರೆ," ಎಂದಿದ್ದಳು. ಅಲ್ಲ, ಅದು ತನಗೋಸ್ಕರವೇ ಎಂದು ಅವನು ಹೇಳಿದ್ದ. ಮದುವೆಯಾದ ಮೇಲೆ ಹೆಂಡತಿಯ ಬೆನ್ನ ಹಿಂದೆ ಅಡಗದೆ ಅವನು ಹೇಳಿದ ಮೊದಲನೆಯ ಮಾತು ಅದಿರಬೇಕು. ಅವನಿಗೇ ಸ್ವಲ್ಪ ವಿಚಿತ್ರವಾಗಿ ಕೇಳಿಸಿತು.

ಚಾಲೈ ಬೀದಿಯಲ್ಲಿ ಕೈಗಾಡಿಗಳ ನಡುವೆ ದಾರಿ ಬಿಡಿಸಿಕೊಂಡು ಬರುವಷ್ಟರಲ್ಲಿ ಬಿಸಿಲೇರಿತ್ತು. ಮೆಟ್ಟಿಲ ಬುಡದಲ್ಲಿ ಭಾರ್ಗವಿಯಮ್ಮ ನಿಂತಿದ್ದಳು. ಕೊಡೆ ಹಿಡಿದು, ಮೆಣಸಿನ ಘಾಟಿಗೆ ಸೀನುತ್ತ ಬರುತ್ತಿದ್ದ ಮುದುಕಿಯನ್ನು ನೋಡಿ, ಇವರು ಯಾರು ಎಂಬಂತೆ ಹುಬ್ಬೇರಿಸಿದಳು. ಶ್ರೀಕಂಠ ಮಲಯಾಳದಲ್ಲಿ, ಅವತ್ತು ತಪ್ಪು ಹೇಳಿದೆ, ನಾವು ನಾಲ್ಕು ಜನ, ಇವರು ನನ್ನ ತಾಯಿ ಎಂದ. ಭಾರ್ಗವಿಯಮ್ಮ ನೀರು ಸಾಲುವುದಿಲ್ಲ ಎಂದು ಗೊಣಗಿದಳು, ಹೊಸದಾಗಿ ಸುಣ್ಣ ಹೊಡೆಸಿದ್ದೇನೆ, ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದು ಎಂದು ನೆನಪಿಸಿದಳು. ಆದರೆ ಅನಸೂಯಮ್ಮ ಮೆಟ್ಟಿಲು ಹತ್ತುವಾಗ ತಾನೇ ಬಂದು ಮೊಣಕೈ ಹಿಡಿದುಕೊಂಡಳು.

ಅನಸೂಯಮ್ಮ ಎರಡು ಕೋಣೆಯನ್ನೂ ಹೊಸ ಸೀರೆಯ ಅಂಚು ಪರೀಕ್ಷಿಸುವ ಹಾಗೆ ನೋಡುತ್ತ ಬಂದಳು. ಒಲೆ ಎತ್ತ ಮುಖವಾಗಿದೆ, ಕೊಳೆನೀರು ಎಲ್ಲಿಂದ ಹೋಗುತ್ತದೆ, ಎಲ್ಲ ಕೇಳಿದಳು. ಕೊನೆಗೆ ಬೀದಿಯ ಕಡೆಯ ಕಿಟಕಿಯ ಕೆಳಗೆ ನಿಂತು, "ಇಲ್ಲಿ," ಎಂದಳು. ಅದು ವಸಂತಿಯ ಓದುವ ಮೇಜಿಗೆಂದು ಅಂದುಕೊಂಡಿದ್ದ ಜಾಗ. ಶ್ರೀಕಂಠ ಬಾಯಿ ತೆರೆಯುವಷ್ಟರಲ್ಲಿ ಇಂದುಮತಿ, "ಮೇಜು ಆ ಗೋಡೆಗೆ ಹಾಕಿದ್ರಾಯ್ತು ಬಿಡಿ. ಇಲ್ಲಿ ಗಾಳಿ ಬರತ್ತೆ, ಅತ್ತೆ ಇಲ್ಲೇ ಮಲಗಲಿ," ಎಂದಳು. ವಸಂತಿ ಅಜ್ಜಿಯ ತೋಳಿಗೆ ಜೋತುಬಿದ್ದು ಮಲಯಾಳದಲ್ಲಿ ಏನೋ ಹೇಳಿದಳು. ಅಜ್ಜಿ ಕನ್ನಡದಲ್ಲಿ "ಆಯ್ತು, ತರ್ತೀನಿ" ಎಂದಳು. ಏನೆಂದು ಶ್ರೀಕಂಠ ಕೇಳಲಿಲ್ಲ, ಅವರಿಬ್ಬರಿಗೂ ತಿಳಿದಿತ್ತಲ್ಲ.

ಆಮೇಲೆ ಅನಸೂಯಮ್ಮ ಕೈಚೀಲದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಬಿಚ್ಚಿದಳು. ಒಳಗೆ ಬೆರಳುದ್ದದ ಮೊಳೆ. "ಹೊಡಿ," ಎಂದು ಕಿಟಕಿಯ ಪಕ್ಕದ ಗೋಡೆ ತೋರಿಸಿದಳು. "ನನ್ನ ಕೊಡೆ ಇಲ್ಲಿ ತೂಗುಹಾಕಿ ಹೋಗ್ತೀನಿ."

"ಹೊಡೀಬಾರದು ಅಂದಿದ್ದಾಳಮ್ಮ."

"ಕೇಳಿಸಿಕೊಂಡೆ."

ಮಗ ಕೆಳಗಿಳಿದು ಅಂಗಡಿಯವನಿಂದ ಕಬ್ಬಿಣದ ತೂಕದ ಕಲ್ಲೊಂದನ್ನು ಕೇಳಿ ತಂದ. ಮೊದಲ ಏಟಿಗೆ ಮೊಳೆ ಓರೆಯಾಯಿತು, ಎರಡನೆಯದಕ್ಕೆ ಹೆಬ್ಬೆರಳು ಜಜ್ಜಿತು. ಕೆಳಗಿನಿಂದ ಭಾರ್ಗವಿಯಮ್ಮನ ದನಿ ಬೀದಿಗೆಲ್ಲ ಕೇಳುವಂತೆ ಎದ್ದಿತು: "ಎಂದಾ ಅವಿಡೆ?" ಏನದು ಅಲ್ಲಿ? ಶ್ರೀಕಂಠನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅವನು ಕಿಟಕಿಗೆ ಮುಖ ಚಾಚಿ, ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಎಂದೂ ಎತ್ತದಷ್ಟು ದನಿ ಎತ್ತಿ ಕೂಗಿದ: "ಎಂಡೆ ಅಮ್ಮಯ್ಕಾ!" ನನ್ನ ಅಮ್ಮನಿಗೆ! ಕೈಗಾಡಿ ಎಳೆಯುತ್ತಿದ್ದವರು ತಲೆಯೆತ್ತಿ ನೋಡಿದರು. ಕೆಳಗಿನ ದನಿ ಮತ್ತೆ ಬರಲಿಲ್ಲ.

ಅವನು ಮತ್ತೆ ಹೊಡೆದ. ಸುಣ್ಣದ ಪುಡಿ ಕನ್ನಡಕದ ಮೇಲೆ ಉದುರಿತು. ಅನಸೂಯಮ್ಮ ಮೊಳೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು, ಸ್ವಲ್ಪ ಅಲ್ಲಾಡಿತು.

"ಇನ್ನೊಂದೇಟು ಹಾಕೋ," ಎಂದಳು. "ನಾನು ಬರೋವರೆಗೂ ತಡೀಬೇಕು."